ಅತ್ತೆಯ ಮನೆಯಲ್ಲಿ ಆಡಬಾರದ ಹೆಸರು

ನಮ್ಮ ಮಂಗಳೂರು ಕಡೆಯ ಕ್ರೈಸ್ತರು ಹೊಸಬರನ್ನು ಕಂಡರೆ ಮೊದಲು ಕೇಳುವುದು, ಯಾವ ಇಗರ್ಜಿಯವರು, ಯಾರ ಪೈಕಿ ಎಂದು. ನಾನು ಸಿಡ್ನಿಯಲ್ಲಿ ಆಸ್ಟ್ರೇಲಿಯದವನೊಬ್ಬನನ್ನು ಮದುವೆಯಾದಾಗ ಅಮ್ಮ ಫೋನಿನಲ್ಲಿ ಕೇಳಿದ್ದೂ ಅದನ್ನೇ. ಅವನ ತಂದೆಯ ಕಡೆಯವರು ಐರ್ಲೆಂಡಿನವರು ಎಂದು ಹೇಳಿದೆ. ತಾಯಿಯ ಕಡೆ? ಗಂಡನನ್ನು ಕೇಳಿದರೆ, "ಜೆಕೊಸ್ಲೊವಾಕಿಯಾ ಇರಬೇಕು. ಅಥವಾ ಹಂಗೆರಿ. ಯಾಕೆ?" ಎಂದ. ಆ 'ಯಾಕೆ'ಗೆ ನನಗೆ ಸಿಟ್ಟು ಬಂತು. ಹೆತ್ತವಳ ತವರು ಗೊತ್ತಿಲ್ಲದೆಯೂ ಮನುಷ್ಯ ಇಷ್ಟು ನಿಶ್ಚಿಂತೆಯಿಂದ ಇರಬಹುದೆ?

ಮೆಲ್ಬರ್ನಿನಲ್ಲಿದ್ದ ಅತ್ತೆಯನ್ನೇ ಕೇಳಿದೆ. "ನಾವು ಯುರೋಪಿನವರು," ಎಂದವರು, ಟೀಗೆ ಹಾಲು ಬೇಕೇ ಎಂದು ಮಾತು ತಿರುಗಿಸಿದರು. ಯುದ್ಧ ಮುಗಿದ ಮೇಲೆ ಅಪ್ಪ, ಅಮ್ಮ, ತಮ್ಮನ ಜೊತೆ ಹಡಗಿನಲ್ಲಿ ಬಂದು ವಲಸಿಗರ ಕ್ಯಾಂಪಿನಲ್ಲಿ ಇಳಿದವರು ಎಂಬುದಷ್ಟೇ ಮನೆಯವರಿಗೆಲ್ಲ ಗೊತ್ತಿದ್ದದ್ದು.

ಸರಿ, ನಾನೇ ಹುಡುಕುತ್ತೇನೆ ಎಂದು ಹೊರಟೆ. ವಾರವೆಲ್ಲ ಮ್ಯಾಕ್ವೆರಿ ಪಾರ್ಕಿನ ಆಫೀಸಿನಲ್ಲಿ ಕೆಲಸ, ಶನಿವಾರ ನಮ್ಮ ಮನೆಯಿದ್ದ ಪ್ಯಾರಮಟ್ಟಾದಿಂದ ರೈಲು ಹಿಡಿದು ಸಿಟಿಯ ಲೈಬ್ರರಿ. ಹಳೆಯ ವಲಸೆ ದಾಖಲೆಗಳ ಮೈಕ್ರೋಫಿಲ್ಮ್ ತಿರುಗಿಸಿ ತಿರುಗಿಸಿ ಕುತ್ತಿಗೆ ಹಿಡಿದುಕೊಂಡಿತು. ಅತ್ತೆಯ ತಂದೆ ಒಂದು ದಾಖಲೆಯಲ್ಲಿ ಜೆಕ್, ಇನ್ನೊಂದರಲ್ಲಿ ಹಂಗೆರಿಯನ್, ಮತ್ತೊಂದರಲ್ಲಿ ರಷ್ಯನ್. ಒಂದೇ ಹೆಸರಿನ ಮೂವರು ಇರಬೇಕೆಂದುಕೊಂಡು ಆ ರಷ್ಯನ್‌ನ ಬೆನ್ನು ಹತ್ತಿದೆ. ತಿಂಗಳುಗಟ್ಟಲೆ ಹುಡುಕಿ, ಸಿಕ್ಕಿದ ಎಂದು ಕುಣಿದು, ಗಂಡನಿಗೂ ಹೇಳಿದ ಮೇಲೆ ತಿಳಿಯಿತು: ಆತ ಒಬ್ಬ ನಾವಿಕ, ಅತ್ತೆ ಹುಟ್ಟುವ ಮೊದಲೇ ಸತ್ತಿದ್ದ!

ಪಕ್ಕದ ಅಪಾರ್ಟ್‌ಮೆಂಟಿನ ದಾವಣಗೆರೆಯ ಗೆಳತಿ ನಕ್ಕಳು. "ಲೇ, ನಿನ್ ಗಂಡನಿಗೇ ಇಲ್ದಿರೋ ಟೆನ್ಷನ್ ನಿನಗ್ಯಾಕೆ? ಒಳ್ಳೇ ವೀಕೆಂಡೆಲ್ಲಾ ವೇಸ್ಟ್ ಮಾಡ್ಕೊಂಡೆಯಲ್ಲ!"

ಆಮೇಲೆ ಪೂರ್ವ ಯುರೋಪಿನಿಂದ ಬಂದು ನೆಲೆಸಿದವರ ಸಂಘಗಳಿಗೆ ಫೋನ್ ಮಾಡಿದೆ. ಮನೆತನದ ಹೆಸರು ಹೇಳಿದ ಕೂಡಲೇ ಸ್ಲೊವಾಕರು "ನಮ್ಮವರೇ" ಎಂದರು. ಉಕ್ರೇನಿನವರು "ಸಂಶಯವೇ ಬೇಡ, ನಮ್ಮವರು" ಎಂದರು. ಅತ್ತೆ ಮಾತ್ರ ಯಾರನ್ನೂ ನಮ್ಮವರು ಎನ್ನಲಿಲ್ಲ.

ಆ ವರ್ಷ ಈಸ್ಟರಿಗೆ ಮೆಲ್ಬರ್ನಿಗೆ ಹೋದಾಗ, ಪೂರ್ವ ಯುರೋಪಿನ ಪದ್ಧತಿಯ ಇಗರ್ಜಿಯೊಂದರಲ್ಲಿ ಹಬ್ಬದ ರೊಟ್ಟಿ-ಮೊಟ್ಟೆಯ ಬುಟ್ಟಿಗಳನ್ನು ಆಶೀರ್ವದಿಸುತ್ತಾರೆಂದು ತಿಳಿದು ಅತ್ತೆಯನ್ನು ಕಾಡಿ ಬೇಡಿ ಕರೆದುಕೊಂಡು ಹೋದೆವು. ದಾರಿಯುದ್ದಕ್ಕೂ ಗೊಣಗಿದರು. ಒಳಗೆ ಕಾಲಿಟ್ಟವರೇ ಶಿಲುಬೆ ಗುರುತು ಹಾಕಿಕೊಂಡರು, ನಮ್ಮ ಹಾಗೆ ಎಡಭುಜದಿಂದಲ್ಲ, ಬಲದಿಂದ ಎಡಕ್ಕೆ. ಹಿಂದೆ ನಿಂತಿದ್ದ ಮುದುಕಿಯೊಬ್ಬಳು ಅವರನ್ನು ಏನೋ ಕೇಳಿದಳು. ಅತ್ತೆ ಥಟ್ಟನೆ ಉತ್ತರ ಕೊಟ್ಟರು, ಸ್ವಂತ ಮಗನೇ ಅವರ ಬಾಯಲ್ಲಿ ಎಂದೂ ಕೇಳದ ಭಾಷೆಯಲ್ಲಿ. ಇಬ್ಬರೂ ಮಾತಿಗೆ ನಿಂತುಬಿಟ್ಟರು. ಕೊನೆಗೆ ಮುದುಕಿ ನನ್ನ ಕಡೆ ತಿರುಗಿ ಇಂಗ್ಲಿಷಿನಲ್ಲಿ ಹೇಳಿದಳು, "ಇವಳು ನಮ್ಮ ಬೆಟ್ಟದವಳು. ರೂಸಿನ್."

ಅತ್ತೆಯ ಮುಖ ಬಿಗಿಯಿತು. "ಕಾರಿಗೆ ಹೋಗೋಣ," ಎಂದರು.

ಕಾರಿನಲ್ಲಿ ತಾವಾಗಿ ಮಾತು ತೆಗೆದರು. ಕಾರ್ಪಾಥಿಯನ್ ಬೆಟ್ಟಗಳ ರೂಸಿನ್ ಜನಕ್ಕೆ ತಮ್ಮದೇ ದೇಶವಿಲ್ಲ; ಅವರ ಊರುಗಳು ಕೆಲವು ಈಗ ಸ್ಲೊವಾಕಿಯಾದಲ್ಲಿ, ಕೆಲವು ಉಕ್ರೇನಿನಲ್ಲಿ. ಅವರ ಅಪ್ಪ ಹುಟ್ಟಿದಾಗ ಊರು ಹಂಗೆರಿಯಲ್ಲಿತ್ತು, ಆಮೇಲೆ ಜೆಕೊಸ್ಲೊವಾಕಿಯಾಕ್ಕೆ ಸೇರಿತು. ಮನೆ ಮಾತ್ರ ಇದ್ದಲ್ಲೇ ಇತ್ತು. ದಾಖಲೆಗಳ ಆ ಜೆಕ್, ಆ ಹಂಗೆರಿಯನ್ ಇಬ್ಬರೂ ಒಬ್ಬರೇ! ಹಾಗಾದರೆ ರಷ್ಯನ್ ಎಂದು ಬರೆದದ್ದು?

"ಕ್ಯಾಂಪಿನಲ್ಲಿ ಅಪ್ಪ ರೂಸಿನ್ ಅಂದ. ಗುಮಾಸ್ತ ರಷ್ಯನ್ ಅಂತ ಬರಕೊಂಡ. ಫ್ಯಾಕ್ಟರಿಯಲ್ಲಿ ಅಪ್ಪನನ್ನ ಕಮ್ಯುನಿಸ್ಟ್ ಅಂತ ಆಡಿಕೊಂಡ್ರು. ಶಾಲೆಯಲ್ಲಿ ನನ್ನ ಪಕ್ಕ ಯಾರೂ ಕೂರಲಿಲ್ಲ. ಆಮೇಲೆ ಆ ಹೆಸರೂ ಬೇಡ, ಆ ಭಾಷೆಯೂ ಬೇಡ ಅಂದುಬಿಟ್ಟ ಅಪ್ಪ."

ಗಂಡ ಕಾರನ್ನು ಬದಿಗೆ ನಿಲ್ಲಿಸಿದ. "ಅಮ್ಮಾ, ನನಗಾದರೂ ಹೇಳಬಹುದಿತ್ತಲ್ಲ?"

"ನೀನು ಕೇಳಲಿಲ್ಲ."

ನಾನು ಕೇಳಿದ್ದೆನಲ್ಲ ಎಂದು ಕೂಗಬೇಕೆನಿಸಿತು.

ಅಲ್ಲಿಗೆ ಮುಗಿಯಿತೆಂದುಕೊಂಡರೆ ಮರುದಿನ ಊಟಕ್ಕೆ ಅತ್ತೆಯ ತಮ್ಮ ಬಂದರು. ವಿಷಯ ಕೇಳಿ ಕೆಂಡವಾದರು. "ನಾವು ಸ್ಲೊವಾಕರು. ರೂಸಿನ್ ಅಂತ ದೇಶ ಎಲ್ಲಿದೆ, ತೋರಿಸು!" ಎಂದು ನನ್ನ ಮೇಲೇ ಹರಿಹಾಯ್ದರು.

"ನಾನೂ ಕೊಂಕಣಿಯವಳು. ನಮಗೂ ಅಂಥ ದೇಶವಿಲ್ಲ," ಎಂದೆ.

"ಇಂಡಿಯಾದ ವಿಷಯ ಬೇರೆ."

ಅತ್ತೆ ಮೆಲ್ಲಗೆ ಕೇಳಿದರು, "ಅಮ್ಮ ನಿನ್ನನ್ನ ಯಾವ ಭಾಷೆಯಲ್ಲೋ ಮಲಗಿಸ್ತಿದ್ದಳು?" ಬಡಿಸಿದ ತಟ್ಟೆ ಬಿಟ್ಟು ತಮ್ಮ ಎದ್ದುಹೋದರು.

ಗಂಡನಿಗೆ ಈಗ ಉತ್ಸಾಹ ಹತ್ತಿತು. ಭಾನುವಾರ ಫೋನ್ ಮಾಡಿ ಆ ಭಾಷೆ ಕಲಿಸೆಂದು ತಾಯಿಯನ್ನು ಪೀಡಿಸುವನು. ಅವರು ಎರಡು ಮಾತು ಹೇಳಿಕೊಟ್ಟು, "ಸಾಕು, ನಿನ್ನ ಉಚ್ಚಾರ ಕೇಳಿದ್ರೆ ಕಿವಿ ನೋಯುತ್ತೆ," ಎಂದು ಫೋನ್ ಇಡುವರು. ನಾನು ಇಷ್ಟು ದಿನ ಒದ್ದಾಡಿದ್ದು ಇವರಿಬ್ಬರಿಗೂ ಮರೆತೇಹೋಗಿತ್ತು.

ಆ ಕ್ರಿಸ್ಮಸ್ಸಿಗೆ ಅತ್ತೆಯ ತಮ್ಮ ಬರಲಿಲ್ಲ. ಮರುವರ್ಷ ಬಂದರು, ಆ ಮಾತು ಎತ್ತಬಾರದೆಂಬ ಷರತ್ತು ಹಾಕಿ. ಯಾರೂ ಎತ್ತಲಿಲ್ಲ. ಊಟದುದ್ದಕ್ಕೂ ಕ್ರಿಕೆಟ್ಟೇ ಕ್ರಿಕೆಟ್ಟು. ನಾನು ಅಡುಗೆಮನೆಗೆ ಹೋಗಿ ಹಲ್ಲು ಕಚ್ಚಿಕೊಂಡು ಪಾತ್ರೆ ತಿಕ್ಕಿದೆ. ಅತ್ತೆ ಪಕ್ಕಕ್ಕೆ ಬಂದು ತಟ್ಟೆ ಒರೆಸುತ್ತ ರೂಸಿನ್‌ನಲ್ಲಿ ಏನೋ ಗೊಣಗಿದರು.

"ಏನಂದಿರಿ?" ಎಂದೆ.

"ನನ್ನ ತಮ್ಮ ಕತ್ತೆ ಅಂದೆ."