ಎಡಗಾಲಿನ ಬ್ರೇಕು

ಅವರ ಬಲಗಿವಿಯ ಮೇಲೆ ಸದಾ ಎಣ್ಣೆಯ ಕರಿ ಗುರುತೊಂದು ಇರುತ್ತಿತ್ತು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ಹಚ್ಚಿ, ಹಿಡಿಕೆಯನ್ನು ಕಿವಿಗೆ ಒತ್ತಿಕೊಂಡು ಒಳಗಿನ ಸದ್ದು ಕೇಳುವರು. ಆಗ ಯಾರಾದರೂ ಮಾತಾಡಿದರೆ ಎಡಗೈ ಎತ್ತಿ ಬಾಯಿ ಮುಚ್ಚಿಸುವರು. ಶಹಾಪುರದಲ್ಲಿ ಅವರದೊಂದು ತಗಡು ಹೊದಿಸಿದ ಗ್ಯಾರೇಜು. ಊರೆಲ್ಲ ಉಸ್ತಾದ್ ಅಂತಿತ್ತು, ನಾನೂ ಹಾಗೇ ಕರೆದೆ.

ನನ್ನ ಬಲಗಾಲು ಪೋಲಿಯೋದಿಂದ ಸೊರಗಿದೆ, ಒತ್ತಲು ಬಲವಿಲ್ಲ. ದೋರನಹಳ್ಳಿಯ ಆಚೆಗಿನ ಹಳ್ಳಿಯೊಂದಕ್ಕೆ ಮಾಸ್ತರನಾಗಿ ಹೋದಾಗ ಶಾಲೆಯ ವೇಳೆಗೆ ಬಸ್ಸಿರಲಿಲ್ಲ. ದಿನಾ ಯಾರದೋ ಗಾಡಿಯ ಹಿಂದೆ ಕೂರಬೇಕು, ಅವರು ಚಹಾಕ್ಕೆ ನಿಂತರೆ ನಾನೂ ನಿಲ್ಲಬೇಕು. ಸಾಕಾಗಿ ಸಿಟ್ಟಿನಲ್ಲಿ ಒಂದು ಹಳೇ ಮೋಟರ್‌ಸೈಕಲ್ ಕೊಂಡೆ. ಹಿಂದಿನ ಬ್ರೇಕು ಬಲಗಾಲಿಗೆ ಅನ್ನೋದು ಕೊಂಡ ಮೇಲೆ, ಬಯಲಿನಲ್ಲಿ ಓಡಿಸಲು ಕಲಿಯುವಾಗ ನೆನಪಾಯಿತು. ಇಂಥಾ ಶಾಣ್ಯಾ ನಾನು. ನಾಲ್ಕು ಗ್ಯಾರೇಜಿನವರು ಆಗಂಗಿಲ್ಲ ಅಂದರು.

ಉಸ್ತಾದರ ಮುಂದೆ ನನ್ನ ಕಾಲನ್ನು ಬೈಯುತ್ತಲೇ ಕತೆ ಹೇಳಿದೆ.

"ಮಂದಿ ಕಾಲಿಗಿ ಮಾಡಿದ ಗಾಡಿ ಅದು. ನಿಮ್ಮ ಕಾಲಿಗಿ ಯಾಕ ಬೈತೀರಿ ಮಾಸ್ತರ್ರ? ಎಡಗಾಲಿನ ಚಪ್ಪಲಿ ಬಿಡ್ರಿ," ಅಂದರು.

ಸಿಮೆಂಟು ನೆಲದ ಮೇಲೆ ನನ್ನ ಎಡಪಾದ ಇಡಿಸಿ ಸುತ್ತ ಸೀಮೆಸುಣ್ಣದ ಗೆರೆ ಎಳೆದರು. ಎಂಟು ದಿನ ಕಾಸಿದರು, ಬಡಿದರು, ಬಗ್ಗಿಸಿದರು. ಇಂಜಿನ್ನಿನ ಕೆಳಗಿಂದ ಒಂದು ಕಬ್ಬಿಣದ ಸರಳು ದಾಟಿಸಿ, ಬ್ರೇಕನ್ನು ನನ್ನ ಎಡ ಹಿಮ್ಮಡಿಯ ಕೆಳಗೆ ತಂದಿಟ್ಟರು; ಗೇರು ಬೆರಳಿಗೆ, ಬ್ರೇಕು ಹಿಮ್ಮಡಿಗೆ.

ರಿಪೇರಿ ಮುಗಿದ ಮೇಲೆ ಗಿರಾಕಿಯೇ ಗಾಡಿ ಓಡಿಸಬೇಕು, ಅವರು ಹಿಂದೆ ಕೂರಬೇಕು. ಅದು ಅವರ ಪದ್ಧತಿ. "ನಾ ಕಟ್ಟಿದ ಬ್ರೇಕಿನ ಮ್ಯಾಲ ಮೊದಲ ನನ್ನ ಜೀವ ಇರಲಿ" ಅನ್ನುವರು. ಅವತ್ತು ನನ್ನ ಹೆಗಲಿಗೆ ಕೈಯಿಟ್ಟು ಕೂತರು. ಕನ್ನಡಿಯಲ್ಲಿ ನೋಡಿದರೆ ಕಣ್ಣು ಮುಚ್ಚಿದ್ದರು. ಹುಟ್ಟಿದಾಗಿನಿಂದ ಮಂದಿಯ ಹಿಂದೆ ಕೂತವನು ನಾನು. ನನ್ನ ಹಿಂದೆ ಕೂತ ಮೊದಲ ಮನುಷ್ಯ ಅವರು. ಗಾಡಿ ಹೊಡೆಯುತ್ತಲೇ ಅತ್ತುಬಿಟ್ಟೆ.

ಹನ್ನೊಂದು ವರ್ಷ ಆ ಬ್ರೇಕು ನನ್ನನ್ನು ಕಾಯಿತು. ಹೋದಾಗಲೆಲ್ಲ ಅವರದು ಒಂದೇ ಮಾತು: "ಇದರದೊಂದು ನಕ್ಷಾ ಬರಕೊಂಡು ಇಟ್ಕೋರಿ. ಸಾಲಿ ಕಲಿಸೋರು ನೀವು, ನಾಕು ಗೆರಿ ಎಳ್ಯಾಕ ಬರಂಗಿಲ್ಲೇನು?"

"ನೀವು ಅದೀರಲ್ಲ, ಬಿಡ್ರಿ" ಅನ್ನುತ್ತಿದ್ದೆ. ನನ್ನ ಬಾಯಾಗ ಮಣ್ಣು ಹಾಕ.

ಹೋದ ವರ್ಷ ಒಂದು ಮಧ್ಯಾಹ್ನ ಯಾರದೋ ಗಾಡಿಯ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದವರು ಎದೆ ಹಿಡಿದುಕೊಂಡರು. ದವಾಖಾನೆ ಮುಟ್ಟಲಿಲ್ಲ. ಈಗ ಅವರ ಗ್ಯಾರೇಜಿನ ಜಾಗದಲ್ಲಿ ಮೊಬೈಲ್ ಅಂಗಡಿ ಆಗಿದೆ.

ಆಮೇಲೆ ಚೈನು ಸವೆಯಿತು. ಸುರಪುರದಲ್ಲೊಬ್ಬ ನಂಬಿಗಸ್ತ ಮೆಕ್ಯಾನಿಕ್ ಇದ್ದಾನೆ ಅಂದರು. "ಚೈನಷ್ಟೇ ಹಾಕು" ಎಂದು ಗಾಡಿ ಬಿಟ್ಟು ಬಂದೆ. ಸರಳಿನ ವಿಷಯ ಹೇಳಲಿಲ್ಲ. ಹೊಸಬರ ಮುಂದೆ ಕಾಲಿನ ಸುದ್ದಿ ತೆಗೆಯಲು ನಾಚಿಕೆ. ಸಂಜೆ ಹೋದರೆ ಗಾಡಿ ತೊಳೆದು ನಿಲ್ಲಿಸಿದ್ದ.

"ಯಾರೋ ಏನೇನೋ ಜೋಡಿಸ್ಯಾರ್ರಿ ಸರ್. ಎಲ್ಲಾ ಬಿಚ್ಚಿ ಕಂಪನಿ ಬ್ರೇಕ್ ಹಾಕೀನಿ. ಅದಕ್ಕ ರೊಕ್ಕ ಬ್ಯಾಡ."

"ಆ ಸರಳು ಎಲ್ಲಿ?"

"ಗುಜರಿಯಾಂವ ಒಯ್ದಾನ್ರಿ."

ಅವನು ಕಳ್ಳನಲ್ಲ, ಮೋಸಗಾರನಲ್ಲ. ಬೈಯಲಿಕ್ಕೂ ನನಗೆ ದಾರಿಯಿರಲಿಲ್ಲ. ಗಾಡಿಯನ್ನು ಟಂಟಂ ಆಟೋದಲ್ಲಿ ಹೇರಿಕೊಂಡು ಬಂದೆ.

ಯಾದಗಿರಿಯಲ್ಲಿ ಮೂರು ಗ್ಯಾರೇಜು ತಿರುಗಿದೆ. ನೆನಪಿನಿಂದ ನಕ್ಷೆ ಬರೆದರೆ ಗೆರೆ ಕೂಡಲಿಲ್ಲ. ಒಬ್ಬ ಮಾತ್ರ ಹೇಗೋ ಒಂದು ಸರಳು ಕೂರಿಸಿದ.

"ಹಿಂದ ಕೂಡ್ತೀಯೇನಪಾ?" ಅಂದೆ.

ಅವನು ನಕ್ಕ. "ನಾ ಯಾಕ್ರಿ? ನೀವ ಹೊಡದು ನೋಡಿ ಬರ್ರಿ."

ಗಾಡಿ ಅಲ್ಲೇ ಬಿಟ್ಟು ಬಂದೆ.

ಈಗ ಮತ್ತೆ ಜೊತೆಯ ಮಾಸ್ತರರೊಬ್ಬರ ಹಿಂದೆ ಕೂತು ಶಾಲೆಗೆ ಹೋಗುತ್ತೇನೆ. ಅವರು ಚಹಾಕ್ಕೆ ನಿಂತರೆ ನಾನೂ ನಿಲ್ಲುತ್ತೇನೆ. ದಾರಿಯಲ್ಲಿ ಎಮ್ಮೆ ಅಡ್ಡ ಬಂದಾಗ ನನ್ನ ಎಡ ಹಿಮ್ಮಡಿ ತಾನಾಗಿ ಕೆಳಗೆ ಒತ್ತುತ್ತದೆ. ಅಲ್ಲಿ ಏನೂ ಇರುವುದಿಲ್ಲ.