ಸೋಮವಾರ, ಗುರುವಾರದ ಗಲ್ಲಿಗಳು

ನಮ್ಮ ಅಂಚೆ ನೌಕರರ ಸಂಘದ ಶಾಖೆಯ ವಾರ್ಷಿಕ ವರದಿ ಬರೆಯುವ ಕೆಲಸ ಈ ಸಲ ನನ್ನ ಪಾಲಿಗೆ ಬಂತು. ದಿನವೂ ಮನೆಗೆ ಬಂದ ಮೇಲೆ ನಾನು ತಾರೀಖು ಹಾಕಿ ಆ ದಿನದ ಲೆಕ್ಕ ಬರೆದಿಡುತ್ತೇನೆಂದು ಎಲ್ಲರಿಗೂ ಗೊತ್ತು: ಎಷ್ಟು ರಿಜಿಸ್ಟ್ರಿ ಹಂಚಿದೆ, ಎಷ್ಟು ಮನೆಗಳಿಗೆ ಬೀಗವಿತ್ತು, ಯಾವ ಗಲ್ಲಿಯಲ್ಲಿ ನಾಯಿ ಬೆನ್ನು ಹತ್ತಿತು. ನಾಯಿಗಳಿಗೇ ಲೆಕ್ಕ ಇಡುವ ಹುಡುಗಿಗೆ ಒಂದು ವರ್ಷದ ಲೆಕ್ಕ ಯಾವ ಮಹಾ ಕೆಲಸ ಎಂದು ಕಾರ್ಯದರ್ಶಿ ಎಲ್ಲರೆದುರು ನಕ್ಕು ಕಾಗದದ ಕಟ್ಟನ್ನು ನನ್ನ ಮುಂದೆ ತಳ್ಳಿದರು.

ವರದಿಯಲ್ಲಿ ಬರೆಯುವುದು ಕಷ್ಟವಾಗಿರಲಿಲ್ಲ. ಒಬ್ಬರು ನಿವೃತ್ತರಾದರು, ಆ ಜಾಗಕ್ಕೆ ಯಾರೂ ಬರಲಿಲ್ಲ. ಇನ್ನೊಬ್ಬರು ಪಾರ್ಸೆಲ್ ಹೊತ್ತು ಹೋಗುವಾಗ ಫ್ಲೈಓವರ್ ಕೆಳಗೆ ಲಾರಿ ತಗುಲಿ ಕಾಲು ಮುರಿದುಕೊಂಡರು. ಬೇಸಿಗೆಯಲ್ಲಿ ಕೇಳಿದ ಕುಡಿಯುವ ನೀರಿನ ಯಂತ್ರ ಮಳೆಗಾಲದಲ್ಲಿ ಬಂತು, ಚಳಿಗಾಲಕ್ಕೆ ಕೆಟ್ಟಿತು. ಇಷ್ಟನ್ನು ಒಂದೇ ಸಲಕ್ಕೆ ಕೂತು ಬರೆದೆ. ಆಮೇಲೆ ‘ನಮ್ಮ ಕಚೇರಿಯ ಒಂದು ಬೀಟು ರದ್ದಾಯಿತು’ ಎಂದು ಬರೆದು ಅಲ್ಲೇ ನಿಂತೆ.

ಒಬ್ಬ ಪೋಸ್ಟ್‌ಮ್ಯಾನ್ ದಿನವೂ ಟಪಾಲು ಹಂಚುವ ಗಲ್ಲಿಗಳನ್ನೆಲ್ಲ ಸೇರಿಸಿ ನಾವು ಬೀಟು ಎನ್ನುತ್ತೇವೆ. ರದ್ದಾದದ್ದು ಕಾಕಾನ ಬೀಟು. ನಾನು ಕಾಕಾ ಎನ್ನುವ ಈ ಹಿರಿಯ ಪೋಸ್ಟ್‌ಮ್ಯಾನ್ ಯಾದಗಿರಿ ಕಡೆಯವರು, ನನ್ನ ಅಪ್ಪ ಅಮ್ಮ ಬೀದರ್ ಕಡೆಯವರು. ಕಚೇರಿಯಲ್ಲಿ ಉಳಿದವರದ್ದೆಲ್ಲ ತೆಲುಗು, ಹಿಂದಿ. ಟಪಾಲು ವಿಂಗಡಿಸುವಾಗ ಕನ್ನಡದಲ್ಲಿ ಮಾತಾಡುತ್ತಿದ್ದವರು ನಾವಿಬ್ಬರೇ. ನಾನು ಕೆಲಸಕ್ಕೆ ಸೇರಿದ ಮೊದಲ ದಿನ ಅವರು ಕೇಳಿದ್ದು ‘ಉಂಡು ಬಂದೀಯೇನವಾ?’ ಎಂದು. ಅಲ್ಲಿಂದ ದಿನವೂ ಅದನ್ನೇ ಕೇಳುತ್ತಿದ್ದರು.

ಬೀಟು ರದ್ದಾಗುವುದಕ್ಕೆ ಎರಡು ವರ್ಷ ಮೊದಲು ಅವರ ಎರಡೂ ಕಿಡ್ನಿ ಕೈಕೊಟ್ಟವು. ಸೋಮವಾರ, ಗುರುವಾರ ಕಚೇರಿಗೆ ಹತ್ತಿರದ ಲಿಂಗಂಪಲ್ಲಿಯ ಆಸ್ಪತ್ರೆಯಲ್ಲಿ ಡಯಾಲಿಸಿಸ್. ಇದ್ದಬದ್ದ ರಜೆಯೆಲ್ಲ ಮೊದಲ ಕೆಲವು ತಿಂಗಳಲ್ಲೇ ತೀರಿಹೋಗಿತ್ತು. ಹಾಗಾಗಿ ಆ ಎರಡು ದಿನ ಅವರು ಬೆಳಿಗ್ಗೆ ಬಂದು ಹಾಜರಿ ಹಾಕಿ, ತಮ್ಮ ಟಪಾಲನ್ನು ಮನೆಗಳ ಸಾಲಿನಂತೆ ಜೋಡಿಸಿ, ಆಸ್ಪತ್ರೆಗೆ ನಡೆಯುತ್ತಿದ್ದರು. ಅವರ ಕಟ್ಟನ್ನು ಬಿಚ್ಚಿ ನಾವು ಐದು ಜನ ಹಂಚಿಕೊಳ್ಳುತ್ತಿದ್ದೆವು. ಇದು ಕಾಕಾನಿಗಾಗಿ ಶುರುವಾದದ್ದಲ್ಲ. ಒಬ್ಬರ ಮನೆಯಲ್ಲಿ ಸಾವು, ಹೆರಿಗೆ, ಕೋರ್ಟು ಏನೇ ಇದ್ದರೂ ಉಳಿದವರು ಅವರ ಗಲ್ಲಿಗಳನ್ನು ಹಂಚಿಕೊಂಡು ನಡೆದು ಬರುವುದು ಆ ಕಚೇರಿಯಲ್ಲಿ ನಾನು ಹುಟ್ಟುವ ಮೊದಲಿನಿಂದ ಇದ್ದದ್ದು. ಯಾರೂ ಅದನ್ನು ಉಪಕಾರ ಎನ್ನುತ್ತಿರಲಿಲ್ಲ. ‘ನಿನ್ನ ಗಲ್ಲಿಯ ಹೆಂಗಸರು ನನ್ನ ಮುಖ ನೋಡಿ ಬಾಗಿಲು ಹಾಕಿಕೊಳ್ತಾರೆ, ಅವರಿಗೇನು ಮದ್ದು ಹಾಕಿದ್ದೀಯೋ ಮುದುಕಾ’ ಎಂದು ಪಕ್ಕದ ಬೀಟಿನ ತೆಲುಗು ಅಣ್ಣ ರೇಗಿಸುತ್ತಿದ್ದರು. ಕಾಕಾನಿಗೆ ನೀರು ಹೆಚ್ಚು ಕುಡಿಯುವಂತಿರಲಿಲ್ಲ. ಚಹಾ ಬಂದಾಗ ಅವರ ಲೋಟಕ್ಕೆ ಅರ್ಧ ಹಾಕಿ ಉಳಿದದ್ದನ್ನು ಯಾರಾದರೂ ತಮ್ಮ ಲೋಟಕ್ಕೆ ಸುರಿದುಕೊಳ್ಳುವುದು ಎಲ್ಲರಿಗೂ ರೂಢಿಯಾಗಿತ್ತು.

ರೈಲು ಹಳಿಯ ಹಿಂದಿನ ನಾಲ್ಕು ಗಲ್ಲಿಗಳು ನನ್ನ ಪಾಲಿನವು. ಆ ಗಲ್ಲಿಯವರಿಗೂ ಲೆಕ್ಕ ಗೊತ್ತಿತ್ತು. ಸೋಮವಾರ, ಗುರುವಾರ ಹುಡುಗಿ ಬರುತ್ತಾಳೆ, ಉಳಿದ ದಿನ ಮುದುಕ.

ಕಾಗದದ ಕಾಲದಲ್ಲಿ ಇದರಿಂದ ಯಾವ ತೊಂದರೆಯೂ ಆಗಿರಲಿಲ್ಲ. ಸಂಜೆ ಸಹಿ ಮಾಡಿಸಿದ ಚೀಟಿಗಳನ್ನು ಕಾಕಾನಿಗೆ ಒಪ್ಪಿಸಿದರೆ ಅವರು ತಮ್ಮ ಬೀಟಿನ ಲೆಕ್ಕಕ್ಕೆ ಸೇರಿಸುತ್ತಿದ್ದರು. ಆಮೇಲೆ ಎಲ್ಲರ ಕೈಗೆ ಫೋನು ಬಂತು. ಪ್ರತಿ ರಿಜಿಸ್ಟ್ರಿ, ಪ್ರತಿ ಸ್ಪೀಡ್ ಪೋಸ್ಟನ್ನು ಬೆಳಿಗ್ಗೆ ಫೋನಿಗೆ ಹತ್ತಿಸಿಕೊಂಡು, ಮನೆ ಬಾಗಿಲಲ್ಲಿ ಅದರಲ್ಲೇ ಸಹಿ ತೆಗೆದುಕೊಳ್ಳಬೇಕು. ಕಾಕಾನ ಫೋನು ಒಂದೇ, ಗಲ್ಲಿಗೆ ಹೋಗುವವರು ಐವರು. ಹಾಗಾಗಿ ನಮ್ಮ ಪಾಲಿಗೆ ಬಂದದ್ದನ್ನು ನಾವು ನಮ್ಮ ನಮ್ಮ ಫೋನಿಗೇ ಹತ್ತಿಸಿಕೊಂಡೆವು. ಟಪಾಲು ತಲುಪಬೇಕು, ತಲುಪುತ್ತಿತ್ತು. ಯಾರ ಬೀಟಿನ ಹೆಸರಲ್ಲಿ ತಲುಪಿತು ಎಂದು ನಮ್ಮಲ್ಲಿ ಒಬ್ಬರೂ ಯೋಚಿಸಲಿಲ್ಲ. ನಾಯಿಗಳ ಲೆಕ್ಕ ಇಡುವ ನಾನೂ ಯೋಚಿಸಲಿಲ್ಲ.

ಆಷಾಢದ ಬೋನಾಲು ಹಬ್ಬ ಮುಗಿದ ವಾರ ಮೇಲಿನಿಂದ ಕಾಗದ ಬಂತು. ಬೀಟುಗಳ ಮರುಪರಿಶೀಲನೆ ಆಗಿದೆ. ಫೋನಿನ ಲೆಕ್ಕದಂತೆ ಈ ಬೀಟಿನಲ್ಲಿ ವಾರಕ್ಕೆ ಎರಡು ದಿನ ಹಂಚಲು ಏನೂ ಇರುವುದಿಲ್ಲ. ಬಾಕಿ ಉಳಿದ ಟಪಾಲೂ ಇಲ್ಲ, ಸಾರ್ವಜನಿಕರ ದೂರೂ ಇಲ್ಲ. ಆದ್ದರಿಂದ ಇದನ್ನು ಅಕ್ಕಪಕ್ಕದ ಬೀಟುಗಳಿಗೆ ಸೇರಿಸಿ, ಹೆಚ್ಚುವರಿಯಾದ ನೌಕರನನ್ನು ಶಂಶಾಬಾದಿಗೆ ಕಳಿಸಲಾಗುವುದು. ಕಾಕಾನ ಒಂದು ಮನೆಯೂ ತಪ್ಪಬಾರದೆಂದು ಎರಡು ವರ್ಷ ನಡೆದಿದ್ದೆವು. ಆ ಬೀಟಿಗೆ ಪೋಸ್ಟ್‌ಮ್ಯಾನ್ ಬೇಡ ಎಂಬುದಕ್ಕೆ ಅದೇ ಸಾಕ್ಷಿಯಾಗಿತ್ತು.

ಮಧ್ಯಾಹ್ನ ಕಚೇರಿಯ ಹಿಂದೆ, ಸೈಕಲ್ಲು ನಿಲ್ಲಿಸುವ ತಗಡಿನ ಕೆಳಗೆ ಸೇರಿದೆವು. ಕಾರ್ಯದರ್ಶಿ ಆಕ್ಷೇಪಣೆ ಬರೆಯೋಣ ಎಂದರು. ಬರೆಯುವುದು ಸುಲಭವಾಗಿತ್ತು: ಸೋಮವಾರ, ಗುರುವಾರವೂ ಟಪಾಲಿತ್ತು, ನಾವು ಹಂಚಿದೆವು. ಬರೆದ ಕೂಡಲೇ ಅವರು ಕೇಳುವ ಪ್ರಶ್ನೆ ತೆಲುಗು ಅಣ್ಣನ ಬಾಯಿಂದ ಬಂತು. ಹಾಜರಿ ಹಾಕಿದ ಮನುಷ್ಯ ಆಗ ಎಲ್ಲಿದ್ದ? ಕೆಲಸದ ಹೊತ್ತಿನಲ್ಲಿ ಆಸ್ಪತ್ರೆಯಲ್ಲಿದ್ದ ಎಂದರೆ ಕಾಕಾನ ಮೇಲೆ ಶಿಸ್ತು ಕ್ರಮ, ನಿವೃತ್ತಿ ಹತ್ತಿರವಿರುವಾಗ ಪಿಂಚಣಿಗೇ ಕುತ್ತು. ನಮ್ಮ ಐವರಿಗೂ ಒಂದೊಂದು ನೋಟೀಸು. ಆದರೂ ನಿಜ ಹೇಳಿಬಿಡೋಣ ಎಂದು ಇಬ್ಬರು ವಾದಿಸಿದರು.

ಕಾಕಾ ತಮ್ಮ ಸೈಕಲ್ಲಿನ ಕ್ಯಾರಿಯರ್ ಮೇಲೆ ಕೂತಿದ್ದರು. ಎಲ್ಲರಿಗೂ ಹಿಂದಿಯಲ್ಲಿ ಬೇಡವೆಂದರು. ನನಗೆ ಬೇರೆಯಾಗಿ ಹೇಳಿದರು: ‘ಬೀಟು ಹೋದ್ರ ಹೋಗ್ಲಿ. ನಿನಗ ನೌಕರಿ ಸಿಕ್ಕು ಇನ್ನೂ ಹಸಿ ಹಸಿ ಐತಿ, ಅದರ ಮ್ಯಾಲ ಕೆಂಪು ಗೀಟು ಬೀಳೂದು ಬ್ಯಾಡ.’

ಬರೆದದ್ದು ಒಂದೇ ಅರ್ಜಿ. ಕಾಯಿಲೆಯ ಮನುಷ್ಯ, ಲಿಂಗಂಪಲ್ಲಿಯ ಸುತ್ತಲೇ ಇರಗೊಡಿ ಎಂದು ಕೇಳಿಕೊಂಡೆವು. ಖಾಲಿ ಜಾಗ ಇಲ್ಲ ಎಂದು ಉತ್ತರ ಬಂತು. ಖಾಲಿ ಜಾಗ ಹೇಗಿರುತ್ತದೆ, ಅದನ್ನೇ ರದ್ದು ಮಾಡಿದ್ದರಲ್ಲ.

ಶಂಶಾಬಾದಿಗೆ ಹೋಗಲು ಅವರು ಎರಡು ಬಸ್ಸು ಬದಲಿಸಬೇಕಿತ್ತು. ಆಸ್ಪತ್ರೆಯವರು ಬೆಳಗಿನ ಸರದಿಯನ್ನು ಸಂಜೆಗೆ ಹಾಕಿಕೊಟ್ಟರು. ಸಂಜೆ ವಿಮಾನ ನಿಲ್ದಾಣದ ಕಡೆಯಿಂದ ಊರೊಳಗೆ ಬರುವ ರಸ್ತೆ ವಾಹನಗಳಿಂದ ಹೇಗೆ ತುಂಬಿರುತ್ತದೆ ಎಂದು ಇಲ್ಲಿಯವರಿಗೆ ಹೇಳಬೇಕಿಲ್ಲ. ಕಾಕಾ ತಡವಾಗಿ ತಲುಪುತ್ತಿದ್ದರು. ಮುಂದಿನ ರೋಗಿ ಕಾಯುತ್ತಿರುತ್ತಿದ್ದ. ಇವರನ್ನು ಯಂತ್ರದಿಂದ ಬೇಗ ಬಿಡಿಸಿ ಕಳಿಸುತ್ತಿದ್ದರು. ಭಾನುವಾರ ನೋಡಲು ಹೋದಾಗ ಅವರ ಕಣ್ಣ ಕೆಳಗೆ, ಪಾದದಲ್ಲಿ ನೀರು ತುಂಬಿರುವುದು ಕಾಣುತ್ತಿತ್ತು. ದಸರೆಯ ಹೊತ್ತಿಗೆ ಮಾತಿನ ನಡುವೆ ಉಸಿರಿಗಾಗಿ ನಿಲ್ಲುತ್ತಿದ್ದರು.

ರೈಲು ಹಳಿಯ ಹಿಂದಿನ ನಾಲ್ಕು ಗಲ್ಲಿಗಳು ಈಗ ಕಾಗದದ ಮೇಲೂ ನನ್ನವೇ ಆದವು. ಮೊದಲ ಮಂಗಳವಾರ ನೀಲಿ ಗೇಟಿನ ಮನೆಯ ಅಜ್ಜಿ ನನ್ನನ್ನು ನೋಡಿ ಒಳಗೆ ಹೋಗಿ ಕ್ಯಾಲೆಂಡರ್ ನೋಡಿ ಬಂದಳು. ಇವತ್ತು ಸೋಮವಾರವಲ್ಲವಲ್ಲ ಎಂದಳು. ಅಲ್ಲ ಎಂದೆ.

ವಾರ್ಷಿಕ ಸಭೆ ಒಂದು ಭಾನುವಾರ, ಶಾಲೆಯೊಂದರ ಕೋಣೆಯಲ್ಲಿ ನಡೆಯಿತು. ನಮ್ಮ ಶಾಖೆಗೆ ಸುತ್ತಲಿನ ಬೇರೆ ಕಚೇರಿಗಳವರೂ ಸೇರುತ್ತಾರೆ. ಕಾಕಾ ಬಂದು ಹಿಂದಿನ ಬೆಂಚಿನಲ್ಲಿ ಕೂತರು. ಬೂಟು ಪಾದಕ್ಕೆ ಹಿಡಿಸದೆ ಹವಾಯಿ ಚಪ್ಪಲಿ ಹಾಕಿದ್ದರು. ಚಹಾದವನು ಹೊಸಬ, ಅವರಿಗೂ ತುಂಬಿದ ಲೋಟವನ್ನೇ ಕೊಟ್ಟ. ಅರ್ಧ ಕುಡಿದು ಉಳಿದದ್ದನ್ನು ಬೆಂಚಿನ ಕೆಳಗೆ ಇಟ್ಟರು.

ನಾನು ವರದಿ ಓದಿದೆ. ‘ಒಂದು ಬೀಟು ರದ್ದಾಯಿತು. ಶಾಖೆ ಆಕ್ಷೇಪಣೆ ಸಲ್ಲಿಸಲಿಲ್ಲ.’ ಅದಕ್ಕಿಂತ ಹೆಚ್ಚು ಬರೆಯಲು ಕಾರ್ಯದರ್ಶಿಯೂ ನಾನೂ ದಾರಿ ಕಂಡಿರಲಿಲ್ಲ.

ಪಟಾನ್‌ಚೆರುವಿನ ಪೋಸ್ಟ್‌ಮ್ಯಾನ್ ಒಬ್ಬರು ಎದ್ದರು. ಕಾರ್ಖಾನೆಗಳ ನಡುವೆ ಚೀಲ ಹೊತ್ತು ಕಪ್ಪಾದ, ಮುಲಾಜಿಲ್ಲದ ಮನುಷ್ಯ. ಅವರ ಕಚೇರಿಯಲ್ಲೂ ಬೀಟು ಕತ್ತರಿಸಲು ಬಂದಾಗ ಇವರೆಲ್ಲ ಬಿಸಿಲಲ್ಲಿ ಧರಣಿ ಕೂತು ಉಳಿಸಿಕೊಂಡಿದ್ದರು. ‘ನೀವು ಒಂದು ಹಾಳೆ ಬರೆಯಲಿಲ್ಲ. ಪೆನ್ನಿನಲ್ಲಿ ಮಸಿ ಇರಲಿಲ್ಲವೋ, ಪೋಸ್ಟ್‌ಮಾಸ್ಟರ್ ಚಹಾ ಕುಡಿಸಿದ್ದರೋ? ಇವತ್ತು ನಿಮ್ಮದು ಹೋಯಿತು, ನಾಳೆ ಅದನ್ನೇ ತೋರಿಸಿ ನಮ್ಮದನ್ನು ಕೇಳುತ್ತಾರೆ’ ಎಂದರು. ಕೇಳಿದ್ದು ನ್ಯಾಯವಾಗಿಯೇ ಇತ್ತು. ಕಾರ್ಯದರ್ಶಿ ಕನ್ನಡಕ ತೆಗೆದು ಒರೆಸತೊಡಗಿದರು. ಆ ಕೋಣೆಯಲ್ಲಿ ನಿಜ ಹೇಳಿದರೆ ಸಂಜೆಯೊಳಗೆ ಅದು ಮೇಲಿನವರ ಕಿವಿಗೆ ಬೀಳುತ್ತಿತ್ತು.

ಹಿಂದಿನಿಂದ ಬೆಂಚು ಸರಿದ ಸದ್ದು ಕೇಳಿತು. ಕಾಕಾ ಎದ್ದು ನಿಂತಿದ್ದರು. ‘ಅವರನ್ನು ಕೇಳಬೇಡಿ. ಶಂಶಾಬಾದ್ ನಾನೇ ಕೇಳಿಕೊಂಡದ್ದು. ಮಗಳ ಮನೆ ಅಲ್ಲಿದೆ. ನನ್ನ ಸಲುವಾಗಿ ಇವರು ಸುಮ್ಮನಿದ್ದರು’ ಎಂದು ಹಿಂದಿಯಲ್ಲಿ, ನಡುವೆ ಎರಡು ಸಲ ಉಸಿರೆಳೆದುಕೊಂಡು ಹೇಳಿದರು.

ಅವರ ಮಗಳು ಇರುವುದು ರಾಯಚೂರಿನಲ್ಲಿ.

‘ಮಗಳ ಮನೆ ಹತ್ತಿರವಾಗಲೆಂದು ಎಲ್ಲರ ಹೆಗಲಿಗೂ ಚೀಲ. ಒಳ್ಳೆಯ ಹಿರಿಯರು ಸಿಕ್ಕಿದರು ನಿಮಗೆ’ ಎಂದು ಆ ಮನುಷ್ಯ ಕೂತರು. ಕೆಲವರು ನಕ್ಕರು. ಮೊನ್ನೆ ಮೊನ್ನೆ ಸೇರಿದ ಒಬ್ಬ, ಇಂಥವರಿಂದಲೇ ಸಂಘ ಹಾಳಾಗುವುದು ಎಂದ. ತೆಲುಗು ಅಣ್ಣ ಏಳಲು ಹೋದಾಗ ಕಾಕಾ ಅವರತ್ತ ನೋಡಿ ತಲೆಯಾಡಿಸಿದರು. ಅಣ್ಣ ಕೂತರು. ಕಾರ್ಯದರ್ಶಿ ನನ್ನತ್ತ ತಿರುಗದೆ, ಹಾಗೆಯೇ ನಡಾವಳಿಯಲ್ಲಿ ಬರೆದುಕೊಳ್ಳಮ್ಮ ಎಂದರು. ನೌಕರರ ಸ್ವಂತ ಕೋರಿಕೆಯ ಮೇರೆಗೆ ಎಂದು ಬರೆದೆ. ಅದೇ ಸಭೆಯಲ್ಲಿ, ಲಿಖಿತ ಆದೇಶವಿಲ್ಲದೆ ಒಬ್ಬರ ಟಪಾಲನ್ನು ಇನ್ನೊಬ್ಬರು ಮುಟ್ಟಬಾರದೆಂದು ಕಾರ್ಯದರ್ಶಿ ಮುಂದಿಟ್ಟ ನಿರ್ಣಯವೂ ಆಯಿತು. ಅದಕ್ಕೆ ಕಾರಣವನ್ನು ಯಾರೂ ಕೇಳಲಿಲ್ಲ.

ಸಭೆ ಮುಗಿದ ಮೇಲೆ ಕಾಕಾನ ಜೊತೆ ಅವರ ಮನೆ ತನಕ ನಡೆದೆ. ಎರಡು ಕಡೆ ಅವರು ಗೋಡೆಗೆ ಕೈಯೂರಿ ನಿಂತರು. ಯಾಕ ಹಂಗ ಹೇಳಿದ್ರಿ ಎಂದು ಕೇಳಿದೆ.

‘ಅವಗೊಂದು ಉತ್ತರ ಬೇಕಾಗಿತ್ತಲ್ಲವಾ. ಇಲ್ಲಾಂದ್ರ ಕೇಳಕೋತನ ಇರ್ತಿದ್ದ.’ ಸ್ವಲ್ಪ ದೂರ ಹೋದ ಮೇಲೆ, ಸ್ವಯಂ ನಿವೃತ್ತಿಗೆ ಅರ್ಜಿ ಕೊಟ್ಟೀನಿ, ಬಸ್ಸು ಹತ್ತಾಕ ಆಗವಲ್ದು ಎಂದರು. ಮನೆಯ ಮೆಟ್ಟಿಲ ಹತ್ತಿರ, ಉಂಡು ಹೋಗು ಎಂದರು. ನಾನು ಉಣ್ಣಲಿಲ್ಲ.

ಮರುದಿನ ತೆಲುಗು ಅಣ್ಣನ ಹೆಂಡತಿಯನ್ನು ಆಸ್ಪತ್ರೆಗೆ ಸೇರಿಸಿದ್ದರು. ಅವರು ಬಂದು ಹಾಜರಿ ಹಾಕಿ, ತಮ್ಮ ಕಟ್ಟನ್ನು ಕೈಯಲ್ಲಿ ಹಿಡಿದು, ರೂಢಿಯಂತೆ ನಮ್ಮತ್ತ ನೋಡುತ್ತ ನಿಂತರು. ನಾವೆಲ್ಲ ನಮ್ಮ ನಮ್ಮ ಫೋನಿಗೆ ರಿಜಿಸ್ಟ್ರಿ ಹತ್ತಿಸುತ್ತಿದ್ದೆವು. ಸ್ವಲ್ಪ ಹೊತ್ತಿನ ಮೇಲೆ ಅವರು ಕಟ್ಟನ್ನು ಖಾನೆಯಲ್ಲಿ ಮರಳಿ ಇಟ್ಟು, ರಜೆ ಕೇಳಲು ಪೋಸ್ಟ್‌ಮಾಸ್ಟರ ಕೋಣೆಗೆ ಹೋದರು. ಸಂಜೆ ನಾವು ಹಿಂತಿರುಗಿದಾಗಲೂ ಅದು ಅಲ್ಲೇ ಇತ್ತು.

ಆ ದಿನ ನೀಲಿ ಗೇಟಿನ ಅಜ್ಜಿಗೆ ಒಂದು ರಿಜಿಸ್ಟ್ರಿ ಬಂದಿತ್ತು. ಫೋನಿನ ಗಾಜಿನ ಮೇಲೆ ಬೆರಳಿನಿಂದ ಸಹಿ ಮಾಡುತ್ತ, ಆ ಮುದುಕ ಇನ್ನು ಬರುವುದೇ ಇಲ್ಲವೇ ಎಂದು ಕೇಳಿದಳು. ಮಗಳ ಮನೆಗೆ ಹೋಗಿದ್ದಾರೆ ಎಂದೆ. ಒಳ್ಳೆಯದಾಯಿತು ಬಿಡು, ಈ ವಯಸ್ಸಿನಲ್ಲಿ ಆರಾಮಾಗಿರಲಿ ಎಂದು ಫೋನನ್ನು ನನ್ನ ಕೈಗೆ ಕೊಟ್ಟಳು.