ಪೈಲ್ವಾನ ಸರ್ ಮತ್ತು ನನ್ನ ಮೂರು ಪಾಲಿನ ಕಳ್ಳ

ಸರ್ ಯಾರನ್ನಾದರೂ ನೋಡಬೇಕಾದರೆ ಕುತ್ತಿಗೆ ತಿರುಗಿಸುತ್ತಿರಲಿಲ್ಲ. ಸೊಂಟದಿಂದ ಮೇಲಿನ ಇಡೀ ಮೈಯನ್ನೇ, ನಾಲ್ಕು ಜನ ಸೇರಿ ಕಬ್ಬಿಣದ ತಿಜೋರಿ ಸರಿಸಿದ ಹಾಗೆ, ನಿಧಾನವಾಗಿ ನಮ್ಮ ಕಡೆ ತಂದು ನಿಲ್ಲಿಸುತ್ತಿದ್ದರು. ಕಣ್ಣು ಮಾತ್ರ ಮೊದಲೇ ಬಂದು ಕಾಯುತ್ತಿರುತ್ತಿದ್ದವು. ರೋಣದಲ್ಲಿ ನಾನು ಅಣಕಿಸದೆ ಬಿಟ್ಟ ಮನುಷ್ಯನಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಮೈಕು ಹಿಡಿದು ಕೂಗುವವನು, ಬ್ಯಾಂಕಿನ ಮ್ಯಾನೇಜರು, ನಮ್ಮ ಸಾಲಿಯ ಹೆಡ್ ಮಾಸ್ತರು, ನಮ್ಮಪ್ಪ, ಹುಡುಗಿಯರು ಎದುರು ಬಂದರೆ ನಡಿಗೆಯನ್ನೇ ಮರೆಯುವ ನಾನು, ಎಲ್ಲರೂ ನನ್ನ ಪಟ್ಟಿಯಲ್ಲಿದ್ದರು. ಸರ್ ಅವರ ತಿರುಗುವಿಕೆ ಮಾತ್ರ ಬಹಳ ದಿನ ಕೈಗೆ ಸಿಗಲಿಲ್ಲ. ತಿರುಗುವುದು ಬಂತು, ತಿರುಗುವಾಗ ನೋವೇ ಇಲ್ಲದವರ ಹಾಗೆ ಮುಖ ಇಟ್ಟುಕೊಳ್ಳುವುದು ಬರಲಿಲ್ಲ.

ಆ ಮುಖದ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ತೀರಿಹೋದವರ ಬಗ್ಗೆ ಮೆತ್ತಗೆ ಬರೆಯಬೇಕು ಅಂತಾರೆ. ಮೆತ್ತಗೆ ಬರೆಯುವವರು ಬರೆಯಲಿ.

ಸರ್ ಮೊದಲು ಪೈಲ್ವಾನರು. ಗಜೇಂದ್ರಗಡದ ಕಡೆ ಕುಸ್ತಿ ಕಣದಲ್ಲಿ ಅವರ ಹೆಸರು ಕೂಗಿದರೆ ಎದುರು ನಿಲ್ಲುವ ಜೊತೆ ಸಿಗುತ್ತಿರಲಿಲ್ಲವಂತೆ. ಒಂದು ಕುಸ್ತಿಯಲ್ಲಿ ಕುತ್ತಿಗೆ ಊರಿ ಬಿದ್ದರು. ಅಲ್ಲಿಗೆ ಮಣ್ಣಿನ ಋಣ ಮುಗಿಯಿತು. ಆಮೇಲೆ ಕಂಪ್ಯೂಟರ್ ಕಲಿತು, ರೋಣದಲ್ಲಿ ಗೊಬ್ಬರದ ಅಂಗಡಿಯ ಮಾಳಿಗೆ ಮೇಲೆ ಕಂಪ್ಯೂಟರ್ ಕ್ಲಾಸ್ ತೆರೆದರು. ಕೆಳಗಿನಿಂದ ಯೂರಿಯಾ ವಾಸನೆ, ಮೇಲೆ ಕೀಬೋರ್ಡಿನ ಸದ್ದು. ನಾನು ಸವಡಿಯಿಂದ ಬಸ್ಸಿಗೆ ಬಂದು ಅಲ್ಲಿ ಟೈಪಿಂಗ್ ಕಲಿಯುತ್ತಿದ್ದೆ. ಕಲಿಯುತ್ತಿದ್ದೇನೆ ಎಂದು ನಮ್ಮಪ್ಪನಿಗೆ ಹೇಳುತ್ತಿದ್ದೆ ಅನ್ನುವುದು ಸರಿ.

ನಿಜವಾಗಿ ನಾವು ಮಾಡುತ್ತಿದ್ದದ್ದು ಆಟ. ಕ್ಲಾಸು ಬಿಟ್ಟ ಮೇಲೆ ಮೂಲೆಯ ಕಂಪ್ಯೂಟರಿನ ಮುಂದೆ ಎರಡು ಕುರ್ಚಿ ಬೀಳುತ್ತಿದ್ದವು. ಹಳೆಯ ಇಂಗ್ಲಿಷ್ ಆಟ. ಕೋಟೆ, ಗುಹೆ, ರಾಕ್ಷಸರು, ಎಲ್ಲ ದಾಟಿದ ಮೇಲೆ ಒಂದು ಕೊನೆಯ ಬಾಗಿಲು. ಆಟ ಶುರುವಾಗುವ ಮುಂಚೆ ನಮ್ಮ ಮನುಷ್ಯನನ್ನು ನಾವೇ ಹುಟ್ಟಿಸಬೇಕು, ಅವನು ಏನಾಗಬೇಕು ಎಂದು ಆರಿಸಬೇಕು. ಕತ್ತಿ ಹಿಡಿಯುವವನು, ಮಂತ್ರ ಹಾಕುವವನು, ಬೀಗ ತೆಗೆಯುವವನು. ಸರ್ ಇವರಿಗೆಲ್ಲ ರೋಣದ ಹೆಸರಿಟ್ಟಿದ್ದರು: ಪೈಲ್ವಾನ, ಮಾಟಗಾರ, ಕಳ್ಳ. ಒಂದನ್ನೇ ಆರಿಸಿದರೆ ಗೆದ್ದಾಗ ಸಿಗುವ ಅನುಭವದ ಅಂಕವೆಲ್ಲ ಅದಕ್ಕೇ ಸೇರುತ್ತದೆ. ಎರಡು ಮೂರು ಕೂಡಿಸಿ ಒಬ್ಬನನ್ನೇ ಮಾಡಲೂ ಬರುತ್ತದೆ. ಆಗ ಬಂದ ಅನುಭವವೂ ಅಷ್ಟು ಪಾಲಾಗುತ್ತದೆ.

ಸರ್ ಕಣ್ಣು ಮುಚ್ಚಿ ಪೈಲ್ವಾನನನ್ನು ಆರಿಸಿದರು. ನಾನು ಮೂರನ್ನೂ ಕೂಡಿಸಿದೆ. ತಿಜೋರಿ ನನ್ನ ಕಡೆ ತಿರುಗಿತು.

"ಏನಲೇ ಮಂಗ್ಯಾ, ಮೂರೂ ನಿನಗ ಬೇಕೇನು?"

"ಇರಲಿ ಬಿಡ್ರಿ ಸರ. ಯಾವುದಾರ ಒಂದು ಉಪಯೋಗಕ್ಕ ಬರ್ತೈತಿ."

"ಅಣ್ಣತಮ್ಮರು ಹೊಲಾ ಹರಕೊಂಡಂಗ ಹರಕೋತಾವಲೇ ಅವು ನಿನ್ನ. ವಾಟ್ನಿ ಆಗ್ತಿ ನೀ, ವಾಟ್ನಿ!"

ವಾಟ್ನಿ ಅಂದರೆ ನಮ್ಮ ಕಡೆ ಆಸ್ತಿ ಪಾಲು. ಅವತ್ತಿನಿಂದ ನಾವಿಬ್ಬರು ಒಂದೇ ತಂಡದಲ್ಲಿ ಗುಹೆ ಗುಹೆ ಅಲೆದೆವು, ಒಂದೇ ಜಗಳ ಆಡಿದೆವು. ಪ್ರತಿ ರಾಕ್ಷಸ ಸತ್ತಾಗಲೂ ನನ್ನವನ ಅಂಕ ಮೂರಾಗಿ ಹರಿದು ಬೀಳುವುದನ್ನು ಬೆರಳಿಟ್ಟು ತೋರಿಸಿ "ವಾಟ್ನಿ ಆತಲೇ!" ಎಂದು ಕೂಗುತ್ತಿದ್ದರು. ಕೆಳಗೆ ಗೊಬ್ಬರ ಕೊಳ್ಳಲು ಬಂದವರು ಮೇಲೆ ಯಾರದೋ ಮನೆ ಒಡೆಯಿತು ಅಂದುಕೊಂಡಿರಬೇಕು.

ನನಗೆ ಲೆಕ್ಕ ಗೊತ್ತಿತ್ತು. ಈ ಆಟದಲ್ಲಿ ಅನುಭವ ಕೂಡಿದ ಹಾಗೆ ಮನುಷ್ಯ ಮೆಟ್ಟಿಲು ಏರುತ್ತಾನೆ, ಮೇಲಿನ ಮೆಟ್ಟಿಲು ಕೆಳಗಿನದಕ್ಕಿಂತ ದುಬಾರಿ. ಆದ್ದರಿಂದ ಅನುಭವ ಮೂರು ಪಾಲಾದರೂ ನನ್ನವನು ಅವರ ಪೈಲ್ವಾನನಿಗಿಂತ ಒಂದೆರಡು ಮೆಟ್ಟಿಲು ಮಾತ್ರ ಕೆಳಗಿರುತ್ತಿದ್ದ, ಜೊತೆಗೆ ಮಂತ್ರವೂ ಬರುತ್ತಿತ್ತು, ಬೀಗವೂ ತೆಗೆಯುತ್ತಿದ್ದ. ಅದನ್ನು ಹೇಳಿದರೆ ಸರ್ ಒಪ್ಪುವವರೇ?

"ಕಬ್ಬಣದ ಅಂಗಿ ಹಾಕ್ಕೊಂಡ್ರ ಮಂತ್ರ ಬರೂದಿಲ್ಲ ಅವಗ. ಬಿಚ್ಚಿದ್ರ ಒಂದ ಏಟಿಗೆ ಮಲಗ್ತಾನ. ಅಂಗಿ ಹಾಕೋದೋ ಬಿಚ್ಚೋದೋ ಅನ್ನೂದ್ರಾಗ ಜೀವಾ ಹೋಗ್ತೈತಿ ನಿನ್ನಾಂವಗ. ಕಡೀ ಬಾಗಲಕ್ಕ ಹೋದ ಮ್ಯಾಲ ಪೂರಾ ಒಬ್ಬ ಬೇಕಲೇ, ಪೂರಾ ಒಬ್ಬ!"

"ಕಡೀ ಬಾಗಲಕ್ಕ ಕೀಲಿ ಹಾಕಿದ್ರ?"

"ಒದಿ!"

ಇದೇ ಅವರ ಉತ್ತರ. ಬೀಗ ಹಾಕಿದ ಬಾಗಿಲು ಕಂಡರೆ ನನ್ನ ಕಳ್ಳನನ್ನು ಹಿಂದೆ ನಿಲ್ಲಿಸಿ ಪೈಲ್ವಾನನಿಂದ ಒದೆಸುತ್ತಿದ್ದರು. ಬಾಗಿಲು ಮುರಿಯುತ್ತಿತ್ತು, ಸದ್ದಿಗೆ ಗುಹೆಯಲ್ಲಿದ್ದ ಎಲ್ಲ ರಾಕ್ಷಸರೂ ಏಳುತ್ತಿದ್ದರು, ನಾವು ಸಾಲಾಗಿ ಸಾಯುತ್ತಿದ್ದೆವು. ನಾನು ತಲೆ ಚಚ್ಚಿಕೊಂಡರೆ ಸರ್ ಹೊಸದಾಗಿ ಆಟ ಶುರು ಮಾಡುತ್ತ, "ಎದುರಾ ಎದುರಾ ಸತ್ತೀವಿ, ಕಳ್ಳರಂಗ ಸತ್ತಿಲ್ಲ" ಎಂದು ಚಹಾ ತರಿಸುತ್ತಿದ್ದರು.

ಜಗಳ ಆಟದೊಳಗೇ ಉಳಿದಿದ್ದರೆ ನಾನು ಸುಮ್ಮನಿರುತ್ತಿದ್ದೆ. ನರಗುಂದದಲ್ಲಿ ಒಂದು ಮದುವೆಗೆ ನನ್ನ ಮಿಮಿಕ್ರಿ ಇತ್ತು. ಸರ್ ಅವರನ್ನೂ ಅವರ ಹೆಂಡತಿಯನ್ನೂ ಕರೆದಿದ್ದೆ. ಅವರನ್ನು ನಾನು ಅಕ್ಕಾರು ಅಂತಿದ್ದೆ. ಜನ ಬಿದ್ದು ಬಿದ್ದು ನಕ್ಕರು. ಸರ್ ತಿರುಗುವುದನ್ನೂ ಅವರೆದುರೇ ಮಾಡಿದೆ. ಅಕ್ಕಾರು ಸೆರಗು ಬಾಯಿಗೆ ಇಟ್ಟುಕೊಂಡು ಕಣ್ಣೀರು ಬರುವ ಹಾಗೆ ನಕ್ಕರು. ಊಟದ ಪಂಕ್ತಿಯಲ್ಲಿ ಸರ್ ಮೈ ತಿರುಗಿಸಿ ನನ್ನನ್ನು ನೋಡಿದರು.

"ಎಲ್ಲಾರೂ ಬಂದಿದ್ರಲೇ ಇವತ್ತ ಸ್ಟೇಜಿನ ಮ್ಯಾಲ. ಮ್ಯಾನೇಜರ ಬಂದ, ಹೆಡ್ ಮಾಸ್ತರ ಬಂದ, ನಾನೂ ಬಂದೆ. ನೀ ಯಾವಾಗ ಬರಾಂವ?"

"ಬಂದಿದ್ನೆಲ್ರಿ, ನಮಸ್ಕಾರ ಅಂದ್ನೆಲ್ಲ."

"ಅದೂ ಟಿವಿ ಮಂದಿ ದನಿಯೊಳಗ ಅಂದಿ. ನಿನ್ನ ದನಿ ಹ್ಯಾಂಗೈತಿ ಅಂತ ಒಮ್ಮೆ ಕೇಳಬೇಕಲೇ ನಾ."

ಕೈಯಲ್ಲಿದ್ದ ಜಿಲೇಬಿಯನ್ನು ಎಲೆಯ ಮೇಲೆ ಇಟ್ಟೆ. ಸಿಟ್ಟು ಬಂತು. ಹೊಟ್ಟೆ ತುಂಬ ನಕ್ಕು, ಹೊಟ್ಟೆ ತುಂಬ ಉಂಡು ಯಾರಾದರೂ ಹೀಗನ್ನುತ್ತಾರೆಯೇ? ಕುತ್ತಿಗೆ ಮುರಿದು ಮಣ್ಣು ಬಿಟ್ಟ ಮೇಲೂ ತಾನೊಬ್ಬ ಪೈಲ್ವಾನ, ಪೂರಾ ಪೈಲ್ವಾನ ಅಂದುಕೊಂಡ ಮನುಷ್ಯ ಅವರು. ಕಂಪ್ಯೂಟರ್ ಕಲಿಸುತ್ತೀರಿ, ಊರಿನವರ ಅರ್ಜಿ ತುಂಬುತ್ತೀರಿ, ಫೋಟೋ ತೆಗೆಯುತ್ತೀರಿ, ನೀವು ಮಾತ್ರ ವಾಟ್ನಿ ಆಗಿಲ್ಲವೇ ಎಂದು ಕೇಳಬೇಕೆನ್ನಿಸಿತು. ಯಾರ ದನಿಯಲ್ಲಿ ಕೇಳಬೇಕೋ ತಿಳಿಯಲಿಲ್ಲ.

ಆಮೇಲೊಂದು ಸಂಜೆ ಆಟದಲ್ಲಿ ನಾವು ಕೊನೆಯ ಬಾಗಿಲಿಗೆ ಬಂದು ಮುಟ್ಟಿದೆವು. ದೊಡ್ಡ ಕಬ್ಬಿಣದ ಬಾಗಿಲು, ಬೀಗ ಹಾಕಿತ್ತು. ನಾನು ಕಳ್ಳನನ್ನು ಮುಂದೆ ತಂದೆ, ಸರ್ ಪೈಲ್ವಾನನನ್ನು ಮುಂದೆ ತಂದರು. ಇಬ್ಬರೂ ಮೌಸಿಗೆ ಕೈ ಹಾಕಿದೆವು. "ನಾಳಿ ನೋಡೂಣು" ಎಂದು ಸರ್ ಆಟ ಉಳಿಸಿ ಎದ್ದರು. ಏಳುವಾಗ ಎಡಗೈಯಿಂದ ದವಡೆ ತಿಕ್ಕಿಕೊಂಡರು.

ಮರುದಿನ ಬೆಳಗ್ಗೆ ಕ್ಲಾಸಿನಲ್ಲೇ ಕುತ್ತಿಗೆ ಹಿಡಿದು ಕೂತರು. ಅಂಗಿ ಬೆನ್ನಿಗೆ ಅಂಟಿತ್ತು. ಫ್ಯಾನು ಜೋರಾಗಿ ತಿರುಗುತ್ತಿತ್ತು.

"ಏನೂ ಆಗಿಲ್ಲ. ಹಳೇ ಕುತ್ತಿಗಿ" ಅಂದರು. ಅದೇ ಮುಖ.

ಅಕ್ಕಾರನ್ನು ಕರೆಸಿ, ಬಾಡಿಗೆ ಕಾರು ಮಾಡಿ, ಒಬ್ಬ ಎಲುಬಿನ ಡಾಕ್ಟರ ಹತ್ತಿರ ಹೋದೆವು. ಆತ ಎಕ್ಸ್‌ರೇ ತೆಗೆಸಿ ಬೆಳಕಿಗೆ ಹಿಡಿದ.

"ಎಲುಬು ಗಟ್ಟಿ ಐತಿ. ನಮ್ಮ ಕಡೆಯಿಂದ ಏನೂ ತೊಂದ್ರಿ ಇಲ್ಲ."

"ಭಾಳ ಬೆವರಾಕತ್ತಾರ್ರಿ ಸಾಹೇಬರ" ಅಂದೆ.

"ಬೆವರು ನನ್ನ ವಿಷಯ ಅಲ್ಲಪಾ."

ಬೆವರು ನನ್ನ ವಿಷಯ ಅಲ್ಲ! ಇಷ್ಟು ದಿನವಾದರೂ ಆ ಮಾತನ್ನು ನಾನು ಅಣಕಿಸಲಾರೆ. ಬಾಯಿಗೆ ಬಂದರೆ ಉಗುಳಬೇಕೆನ್ನಿಸುತ್ತದೆ. ಒಂದೇ ಕಸಬನ್ನು ತುತ್ತತುದಿ ಮೆಟ್ಟಿಲವರೆಗೆ ಏರಿದ ಮನುಷ್ಯ, ಎದುರಿಗೆ ಕೂತವನ ಮುಖ ನೋಡಲು ಕೆಳಗಿಳಿಯಲಿಲ್ಲ.

ಅಲ್ಲಿಂದ ದೊಡ್ಡ ದವಾಖಾನೆಗೆ ಹೋದೆವು. ಗಾಜಿನ ಹಿಂದೆ ಕೌಂಟರಿನವನು, ಅವನ ಮುಂದೆ ಕಂಪ್ಯೂಟರು.

"ಎಲ್ಲಿ ನೋವು?"

"ಕುತ್ತಿಗಿ, ದವಡಿ, ಎಡಗೈ" ಅಂದೆ ನಾನು. "ಎದಿನೂ ಬಿಗದೈತಂತ್ರಿ."

"ಹಿಂಗ ನಾಕೈದು ಹೇಳಿದ್ರ ಹ್ಯಾಂಗ? ಯಾವುದಾರ ಒಂದು ಹೇಳ್ರಿ. ಇದ್ರಾಗ ಒಂದ ವಿಭಾಗ ತಗೋತೈತಿ."

ನಾನು ಬಾಯಿ ತೆರೆಯುವುದರೊಳಗೆ ಸರ್ ಬೆಂಚಿನಿಂದಲೇ ಹೇಳಿಬಿಟ್ಟರು.

"ಕುತ್ತಿಗಿ ಬರಕೊಳ್ರಿ."

ಬಟನ್ ಒತ್ತಿದ. ಎಲುಬಿನ ಚೀಟಿ ಹೊರಬಂತು. ಅಲ್ಲಿಯ ಎಲುಬಿನ ಡಾಕ್ಟರು ಊಟಕ್ಕೆ ಹೋಗಿದ್ದರು. ಹೃದಯದ ವಿಭಾಗ ಅದೇ ಸಾಲಿನಲ್ಲಿ, ಕಣ್ಣಿಗೆ ಕಾಣುವ ಹಾಗೆ, ಬಾಗಿಲು ಹಾಕಿಕೊಂಡಿತ್ತು. ಮೊದಲು ಅಲ್ಲಿಗೆ ಬಿಡಿ ಎಂದು ಕೈಮುಗಿದೆ. ಎಲುಬಿನ ಚೀಟಿ ಇದ್ದವರು ಅಲ್ಲಿಗೆ ಹೋಗಬೇಕಾದರೆ ಎಲುಬಿನ ಡಾಕ್ಟರೇ ಬರೆದುಕೊಡಬೇಕಂತೆ. ಅಕ್ಕಾರು ಅತ್ತರು. ಗಾಜಿನ ಹಿಂದಿನವನು ಮುಂದಿನವರನ್ನು ಕರೆದ.

ನಾನು ಹೊರಗೆ ಬಂದೆ. ಕೌಂಟರಿನ ಫೋನ್ ನಂಬರು ಗೋಡೆಯ ಮೇಲೆ ದೊಡ್ಡದಾಗಿ ಬರೆದಿತ್ತು. ಕಿಟಕಿಯಿಂದ ಅವನನ್ನೇ ನೋಡುತ್ತ ಫೋನು ಹಚ್ಚಿದೆ. ಹೆಡ್ ಮಾಸ್ತರರ ಕೆಮ್ಮು, ಬ್ಯಾಂಕ್ ಮ್ಯಾನೇಜರರ ಮೂಗು, ಬಸ್ ಸ್ಟ್ಯಾಂಡಿನವನ ಗಂಟಲು, ಮೂರನ್ನೂ ಕೂಡಿಸಿ ಜಗತ್ತಿನಲ್ಲೇ ಇಲ್ಲದ ಒಬ್ಬ ದೊಡ್ಡ ಮನುಷ್ಯನನ್ನು ಹುಟ್ಟಿಸಿದೆ.

"ರೋಣದಿಂದ ನಮ್ಮ ಪೈಲ್ವಾನರು ಬಂದಾರಲ್ಲ, ಹೃದಯದವರು ನೋಡಿದ್ರೋ ಇಲ್ಲೋ?"

"ಯಾರ್ರಿ ಮಾತಾಡೋದು?"

"ಯಾರು ಅಂತ ನನಗ ಕೇಳಾಕತ್ತೀಯೇನು?"

ಕುರ್ಚಿ ಹಿಂದಕ್ಕೆ ಬಿತ್ತು. ಫೋನು ಹಿಡಿದುಕೊಂಡೇ ಎದ್ದು ನಿಂತು "ಈಗ ಒಳಗ ಕರಕೋತೀವ್ರಿ ಸಾಹೇಬರ" ಅಂದ. ಸ್ಟ್ರೆಚರು ಓಡಿ ಬಂತು. ಮುಚ್ಚಿದ ಬಾಗಿಲು ತೆರೆಯಿತು. ಚೀಟಿಗೀಟಿ ಯಾರೂ ಕೇಳಲಿಲ್ಲ. ನಾನು ಸ್ಟ್ರೆಚರಿನ ಪಕ್ಕ ಓಡುತ್ತಿದ್ದೆ. ಸರ್ ತಿರುಗಲಾರದೆ ಕಣ್ಣು ಮಾತ್ರ ನನ್ನತ್ತ ಹೊರಳಿಸಿದರು. ನನ್ನ ಕೈಯಲ್ಲಿದ್ದ ಫೋನು ನೋಡಿದರು. ಎಲ್ಲ ತಿಳಿಯಿತು ಅವರಿಗೆ.

"ಕಳ್ಳ ತಗದನೇನಲೇ ಬಾಗಲಾ?"

"ತಗದಾನ್ರಿ ಸರ. ಈಗರ ಒಪ್ಪತೀರೇನು?"

"ಇನ್ನೊಂದ ಐತೆಲ್ಲೋ ಕಡೀದು" ಅಂದರು. ಉಸಿರು ಸಾಲುತ್ತಿರಲಿಲ್ಲ. "ನೋಡೂಣು."

ಬಾಗಿಲು ಹಾಕಿಕೊಂಡಿತು. ಅವರು ಹೊರಗೆ ಬರಲಿಲ್ಲ.

ವಾದದಲ್ಲಿ ನಾನು ಗೆದ್ದೆ. ಆ ಗೆಲುವನ್ನು ಯಾರಾದರೂ ತೆಗೆದುಕೊಂಡು ಹೋಗಿ. ಮಣ್ಣು ಕೊಡಲು ಬಂದವರೆಲ್ಲ "ಕುತ್ತಿಗಿ ಅಂತ ತಾನ ಅಂದ್ನಂತಲ್ಲ, ಏನ ಮಾಡಾಕ ಬರ್ತೈತಿ" ಎಂದು ಮಾತಾಡಿಕೊಂಡರು. ಹೌದು, ಅಂದರು. ಬದುಕೆಲ್ಲ ಒಂದೇ ಆಗಿರುತ್ತೇನೆ ಎಂದು ಹಟ ಹಿಡಿದವರು ಸಾಯುವಾಗಲೂ ಪೈಲ್ವಾನನ ನೋವನ್ನೇ ಆರಿಸಿಕೊಂಡರು. ಅದಕ್ಕೇ ಅವರ ಮೇಲೆ ಸಿಟ್ಟು. ಆದರೆ ಬೆವರುವ ಮನುಷ್ಯನನ್ನು ಮುಂದೆ ಕೂಡಿಸಿಕೊಂಡು ಒಂದನ್ನೇ ಆರಿಸು ಎಂದು ಕೇಳಿದವರು ಯಾರು?

ಈಗಲೂ ಮದುವೆಗಳಲ್ಲಿ ಎಲ್ಲರನ್ನೂ ಅಣಕಿಸುತ್ತೇನೆ. ಕೊನೆಗೆ ಸ್ವಲ್ಪ ಹೊತ್ತು ಯಾರ ದನಿಯೂ ಇಲ್ಲದೆ ಮಾತಾಡುತ್ತೇನೆ. ನರೇಗಲ್ಲಿನಲ್ಲಿ ಒಬ್ಬರು ಅದೂ ಯಾರದೋ ಮಿಮಿಕ್ರಿ ಅಂದುಕೊಂಡು ಚಪ್ಪಾಳೆ ತಟ್ಟಿದರು. ಆ ದನಿ ನನಗೆ ಸಿಕ್ಕಿದ್ದು ಅವತ್ತು, ದವಾಖಾನೆಯಲ್ಲೇ.

ಒಳಗಿನಿಂದ ಬಂದ ಡಾಕ್ಟರು ಕೈ ಒರೆಸಿಕೊಳ್ಳುತ್ತ ಅಕ್ಕಾರಿಗೆ ಹೇಳಿದರು: "ತಡಾ ಮಾಡಿದ್ರಿ. ಎದಿ ಅಂತ ಮೊದಲ ಹೇಳಬೇಕಿತ್ತು ನೀವು."

ಅಕ್ಕಾರು ತಪ್ಪು ತಮ್ಮದೇ ಎಂಬಂತೆ ತಲೆ ತಗ್ಗಿಸಿದರು.

ಆಮೇಲೆ ಯಾರೋ ಚೀರಿದರು. "ಹೇಳೀನ್ರೀ! ಎದಿ ಅಂತನೂ ಹೇಳೀನಿ! ಒಂದ ಹೇಳು ಅಂದ್ರಿ ನೀವು!" ತೆಳ್ಳಗಿನ, ಒಡಕು ದನಿ. ನಡುನಡುವೆ ಕೀರಲಾಗುತ್ತಿತ್ತು. ನಾನು ಎಲ್ಲಿಯೂ ಕೇಳಿದ ದನಿಯಲ್ಲ. ಕಾರಿಡಾರಿನ ಮಂದಿಯೆಲ್ಲ ತಿರುಗಿ ನೋಡಿದರು. ಗಾಜಿನ ಹಿಂದಿನವನು ಎದ್ದು ನಿಂತ. ಆ ದನಿ ನಿಲ್ಲಲಿಲ್ಲ. ಬರೆಯಲು ಬಾರದ ಮಾತುಗಳನ್ನೂ ಅಂದಿತು. ನನ್ನ ಕಾಲು ಎದುರಿಗಿದ್ದ ಬಾಗಿಲನ್ನು ಒದೆಯುತ್ತಿತ್ತು.

ಅಕ್ಕಾರು ನನ್ನ ರಟ್ಟೆ ಹಿಡಿದು, ಒದ್ದೆ ಕಣ್ಣಿನಿಂದ ಮುಖ ನೋಡಿದರು.

"ಯಾರ ದನಿ ಮಾಡಾಕತ್ತೀಯೋ ತಮ್ಮಾ ಇದು?"

"ನಂದ್ರಿ, ಅಕ್ಕಾರ" ಅಂದೆ.

ಈ ದನಿ ಒಮ್ಮೆ ಕೇಳಬೇಕು ಅಂದವರು ಒಳಗಿದ್ದರು. ಬಾಗಿಲು ಮುರಿದಿರಲಿಲ್ಲ.